ಚರ್ಮದ ಕೋಸ್ಟರ್ ಸಪಾಟಾಗಿ ಉಳಿಯಬೇಕೆಂದರೆ: ಒಂದು ಪದರವೋ, ಎರಡೋ, ಕಾರ್ಕೋ, ಸನ್‌ಮೈಕಾವೋ?

ನಮ್ಮ ಧಾರವಾಡದ ಮನೆಯಲ್ಲಿ ಟೀಪಾಯಿ ಮೇಲೆ ಹನ್ನೊಂದು ಚರ್ಮದ ಕೋಸ್ಟರ್‌ಗಳಿವೆ, ಅಂದರೆ ಕಪ್ಪು, ಲೋಟದ ಕೆಳಗೆ ಇಡುವ ಬಿಲ್ಲೆಗಳು. ಎಲ್ಲವೂ ನಾನೇ ಕೈಯಾರೆ ಮಾಡಿದವು. ಪ್ರತಿಯೊಂದರ ಹಿಂದೆ ಸಣ್ಣದಾಗಿ ಒಂದು ನಂಬರ್ ಇದೆ. ಆ ನಂಬರಿನ ಎದುರಿಗೆ ನೋಟ್‌ಬುಕ್ಕಿನಲ್ಲಿ ಚರ್ಮ ಎಲ್ಲಿಯದು, ದಪ್ಪ ಎಷ್ಟು, ಯಾವ ಅಂಟು, ಮೇಲೆ ಏನು ಸವರಿದೆ, ಎಷ್ಟು ದಿನ ಒತ್ತಿಟ್ಟೆ ಎಂದು ಬರೆದಿದ್ದೇನೆ. ಇವು ಎರಡು ಮಳೆಗಾಲ, ಒಂದು ಬೇಸಿಗೆ ಕಂಡಿವೆ. ಆರು ಇವತ್ತಿಗೂ ಸಪಾಟಾಗಿವೆ. ಮೂರು ಅಂಚಿನಲ್ಲಿ ಸ್ವಲ್ಪ ಎದ್ದಿವೆ. ಎರಡು ಬಶಿಯ ಹಾಗೆ ಬಾಗಿವೆ.

ಸಪಾಟು ಹೌದೋ ಅಲ್ಲವೋ ಎಂದು ನೋಡಲು ನನ್ನ ಪರೀಕ್ಷೆ ಸರಳ. ಕಿಟಕಿಯ ಗಾಜಿನ ಒಂದು ತುಂಡಿನ ಮೇಲೆ ಕೋಸ್ಟರ್ ಇಟ್ಟು, ಅಂಚಿನ ಸುತ್ತ ಬೆರಳಿನಿಂದ ತಟ್ಟುತ್ತಾ ಹೋಗುತ್ತೇನೆ. ಚೆನ್ನಾಗಿ ಕೂತಿದ್ದರೆ ಎಲ್ಲ ಕಡೆ ಒಂದೇ ಮಂದ ಸದ್ದು. ಎಲ್ಲಿ ಎದ್ದಿದೆಯೋ ಅಲ್ಲಿ 'ಟಕ್' ಅನ್ನುತ್ತದೆ. ಕಣ್ಣಿಗೆ ಕಾಣದ ಬಾಗು ಕಿವಿಗೆ ಸಿಗುತ್ತದೆ. ತುಂಬಿದ ಚಹಾದ ಕಪ್ಪು ಇಟ್ಟಾಗ ಕೋಸ್ಟರ್ ಒಂದು ಕೂದಲೆಳೆ ಅಲ್ಲಾಡಿದರೂ ಚಹಾ ತುಳುಕುತ್ತದೆ. ಆದ್ದರಿಂದ ಈ ಸಣ್ಣ ಸದ್ದು ನನಗೆ ಮುಖ್ಯ.

ಅವಸರದಲ್ಲಿರುವವರಿಗೆ ನನ್ನ ತೀರ್ಮಾನ ಮೊದಲೇ ಹೇಳುತ್ತೇನೆ. ಮೊದಲ ಸಲ ಮಾಡುವವರು, ಬಿಸಿ ಚಹಾಕ್ಕೂ ಆಗಬೇಕು, ತಣ್ಣೀರಿನ ಲೋಟಕ್ಕೂ ಆಗಬೇಕು ಅನ್ನುವವರು, ತಲಾ 2 ಮಿಲಿಮೀಟರಿನ ಎರಡು ತುಂಡುಗಳನ್ನು ಒಳಮೈಗೆ ಒಳಮೈ ಸೇರಿಸಿ ಅಂಟಿಸಿ. ಬ್ಯಾಗು, ಪರ್ಸು ಹೊಲಿದು ಉಳಿದ ತೆಳುವಾದ ಚೂರುಗಳೇ ನಿಮ್ಮ ಹತ್ತಿರ ಇದ್ದರೆ ನಡುವೆ ಸನ್‌ಮೈಕಾ ಹಾಕಿ. ಅಂಟಿನ ಕೆಲಸವೇ ಬೇಡ ಅಂದರೆ ದಪ್ಪನೆಯ ಒಂದೇ ತುಂಡನ್ನು ಜೇನುಮೇಣದಲ್ಲಿ ಅದ್ದಿ ಮಾಡಿ. ಕಾರ್ಕ್ ಅಂಟಿಸಿದ್ದು ನನ್ನ ಲೆಕ್ಕದಲ್ಲಿ ಕೊನೆಗೆ ಬರುತ್ತದೆ. ಎಲ್ಲರೂ ಮೊದಲು ಮಾಡುವುದು ಅದನ್ನೇ, ನಾನೂ ಹಾಗೇ ಶುರು ಮಾಡಿದ್ದು. ಯಾಕೆ ಬೇಡ ಅನ್ನುತ್ತೇನೆ ಎಂದು ಮುಂದೆ ಹೇಳುತ್ತೇನೆ.

ಬಾಗುವುದು ಯಾಕೆ

ಚರ್ಮ ಅಂದರೆ ನಾರಿನ ಹೆಣಿಗೆ. ಕೂದಲಿದ್ದ ಬದಿಯಲ್ಲಿ ನಾರು ಸಣ್ಣ, ಒತ್ತೊತ್ತು. ಮಾಂಸದ ಬದಿಯಲ್ಲಿ, ಅಂದರೆ ಒಳಮೈಯಲ್ಲಿ, ನಾರು ದಪ್ಪ, ಸಡಿಲ. ನೀರು ಹೀರಿದಾಗ ನಾರು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಎರಡೂ ಮೈ ಒಂದೇ ಅಳತೆಯಲ್ಲಿ ಉಬ್ಬಿ ಕುಗ್ಗಿದರೆ ಏನೂ ತೊಂದರೆಯಿಲ್ಲ. ಒಂದು ಮೈ ಜಾಸ್ತಿ ಉಬ್ಬಿದರೆ ತುಂಡು ಇನ್ನೊಂದರ ಕಡೆಗೆ ಬಾಗಲೇಬೇಕು.

ಹಪ್ಪಳ ಮಾಡುವ ಮನೆಯವರಿಗೆ ಇದು ಹೊಸದಲ್ಲ. ಬಿಸಿಲಿಗೆ ಹಾಕಿದ ಹಪ್ಪಳದ ಮೇಲ್ಭಾಗ ಮೊದಲು ಒಣಗುತ್ತದೆ, ಅಂಚು ಮೇಲಕ್ಕೆ ಏಳುತ್ತದೆ. ಅದಕ್ಕೇ ನಡುವೆ ಒಮ್ಮೆ ತಿರುವಿ ಹಾಕುತ್ತೇವೆ ಅಲ್ವಾ? ಕೋಸ್ಟರಿನಲ್ಲಿ ನಾವು ಮಾಡುವ ತಪ್ಪು ಎಂದರೆ ತಿರುವಿ ಹಾಕದೇ ಇರುವುದು. ಮೇಲ್ಮೈ ಚೆಂದ ಕಾಣಲಿ ಎಂದು ಅದಕ್ಕೆ ಮಾತ್ರ ಮೇಣ ತಿಕ್ಕುತ್ತೇವೆ, ಪಾಲಿಶ್ ಹೊಡೆಯುತ್ತೇವೆ. ಕೆಳಗಿನದು ಯಾರಿಗೂ ಕಾಣುವುದಿಲ್ಲ ಎಂದು ಹಾಗೇ ಬಿಡುತ್ತೇವೆ. ಜೂನ್‌ನಲ್ಲಿ ಮಳೆ ಹಿಡಿದರೆ ಆ ಬರಿಯ ಮೈ ಗಾಳಿಯ ತೇವವನ್ನೆಲ್ಲ ಕುಡಿಯುತ್ತದೆ. ಮೇಣ ಕುಡಿದ ಮೇಲ್ಮೈಗೆ ಅದು ಗೊತ್ತೇ ಆಗುವುದಿಲ್ಲ. ನನ್ನ 2ನೇ ನಂಬರಿನ ಕೋಸ್ಟರ್ ಹೀಗೇ ಹೋಯಿತು. ಬೇಸಿಗೆಯಿಡೀ ಗಾಜಿನ ಮೇಲೆ ಗಟ್ಟಿಯಾಗಿ ಕೂತಿತ್ತು, ಜುಲೈ ಮುಗಿಯುವಷ್ಟರಲ್ಲಿ ಬಶಿಯಾಯಿತು.

ನಾನು ಚರ್ಮದ ಚೂರು ತರುವ ಚಪ್ಪಲಿ ಮಾಡುವ ಕಾಕಾ ಒಬ್ಬರಿಗೆ ಅದನ್ನು ತೋರಿಸಿದೆ. ಅವರು ಅದನ್ನು ಎರಡೂ ಕಡೆ ಹೆಬ್ಬೆರಳಿನಿಂದ ಒರೆಸಿ ನೋಡಿ, "ಒಂದ ಮೈಗೆ ಹಚ್ಚೀದಿ, ಇನ್ನೊಂದ ಮೈ ಹಸದೈತಿ. ಎರಡಕ್ಕೂ ಹಚ್ಚಬೇಕ ತಂಗಿ" ಅಂದರು. ಒಂದು ಮೈ ಹಸಿದಿದೆ ಎಂಬ ಆ ಮಾತು ನನ್ನ ಕೆಲಸವನ್ನೇ ಬದಲಿಸಿತು. ಈಗ ಕೆಳಗೆ ಹೇಳುವ ಎಲ್ಲ ವಿಧಾನಗಳನ್ನೂ ನಾನು ತೂಗುವುದು ಇದೊಂದರಿಂದಲೇ: ಎರಡೂ ಮೈಗೆ ಒಂದೇ ಉಪಚಾರ ಸಿಗುತ್ತದೆಯೋ ಇಲ್ಲವೋ?

ಮೊದಲು ಚರ್ಮದ ಆಯ್ಕೆ

ಎರಡು ಜಾತಿಯ ಚರ್ಮ ನಮ್ಮ ಕೈಗೆ ಸಿಗುತ್ತದೆ. ಮರದ ತೊಗಟೆ, ಕಾಯಿಗಳ ಒಗರಿನಲ್ಲಿ ಹದ ಮಾಡಿದ್ದು ಒಂದು. ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡಿದ್ದು ಇನ್ನೊಂದು. ಕತ್ತರಿಸಿದ ಅಂಚು ನೋಡಿದರೆ ಸಾಮಾನ್ಯವಾಗಿ ತಿಳಿಯುತ್ತದೆ. ಒಗರಿನ ಚರ್ಮ ಒಳಗೂ ಕಂದು. ಕ್ರೋಮಿನದು ಒಳಗೆ ನೀಲಿ ಮಿಶ್ರಿತ ಬೂದು, ಪೂರ್ತಿ ಬಣ್ಣ ಹಾಕಿದ್ದರೆ ಮಾತ್ರ ಗೊತ್ತಾಗುವುದು ಕಷ್ಟ. ಇನ್ನೊಂದು ಗುರುತೂ ಇದೆ. ಒಗರಿನ ಚರ್ಮವನ್ನು ಒದ್ದೆ ಮಾಡಿ ಒತ್ತಿಟ್ಟರೆ ಒತ್ತಿದ ಆಕಾರದಲ್ಲೇ ಒಣಗುತ್ತದೆ. ಕ್ರೋಮಿನದು ಮೆತ್ತಗೆ, ಬಿಟ್ಟ ಕೂಡಲೇ ಹಿಂದಿನ ಹಾಗೇ ಆಗುತ್ತದೆ. ಕೋಸ್ಟರಿಗೆ ಬೇಕಾದದ್ದು ಒತ್ತಿದ ಹಾಗೆ ನಿಲ್ಲುವ ಗುಣ. ಹಾಗಾಗಿ ಒಂದು ಪದರ, ಎರಡು ಪದರದ ಕೋಸ್ಟರಿಗೆ ಒಗರಿನ ಚರ್ಮವೇ ಬೇಕು.

ಇದನ್ನು ಅಂಚೆಯಲ್ಲಿ ತಮಿಳುನಾಡಿನಿಂದ ತರಿಸಬಹುದು. ಅಲ್ಲಿ ಈ ಕೆಲಸ ಹಳೆಯದು, ದೊಡ್ಡದು. ಹಾಳೆಯ ಹಾಗೆ ಒಂದೇ ದಪ್ಪಕ್ಕೆ ಸೀಳಿದ ಚರ್ಮ ಬರುತ್ತದೆ. ಕೆಲವರು ದಪ್ಪವನ್ನು ಔನ್ಸಿನಲ್ಲಿ ಹೇಳುತ್ತಾರೆ. ಒಂದು ಔನ್ಸ್ ಅಂದರೆ ಸುಮಾರು 0.4 ಮಿಲಿಮೀಟರ್ ಎಂದು ಲೆಕ್ಕ ಇಟ್ಟುಕೊಳ್ಳಿ. 5 ಔನ್ಸ್ ಅಂದರೆ 2 ಮಿಲಿಮೀಟರ್, 10 ಔನ್ಸ್ ಅಂದರೆ 4 ಮಿಲಿಮೀಟರ್.

ಆದರೆ ನಮ್ಮ ಕಡೆಯವರಿಗೆ ಇನ್ನೊಂದು ದಾರಿ ಇದೆ, ಅದು ನನಗೆ ಜಾಸ್ತಿ ಇಷ್ಟ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಹೆಸರು ಕೊಲ್ಹಾಪುರದ್ದಾದರೂ ಆ ಗುರುತು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೂ ಸೇರಿದೆ: ಬೆಳಗಾವಿ, ಬಾಗಲಕೋಟೆ, ವಿಜಯಪುರ ಮತ್ತು ನಮ್ಮ ಧಾರವಾಡ. ಈ ಚಪ್ಪಲಿಯ ಚರ್ಮವನ್ನು ಜಾಲಿಯ ತೊಗಟೆ, ಅಳಲೆಕಾಯಿಯ ಒಗರಿನಲ್ಲಿ ಹದ ಮಾಡುತ್ತಾರೆ. ಹಳೆಯ ಪದ್ಧತಿಯಲ್ಲಿ ಇಡೀ ತೊಗಲನ್ನು ಚೀಲದ ಹಾಗೆ ಹೊಲಿದು, ಒಳಗೆ ಒಗರಿನ ನೀರು ತುಂಬಿ ತೂಗುಹಾಕುತ್ತಾರೆ. ಅಟ್ಟೆಗೆ ಎಮ್ಮೆಯ ದಪ್ಪ ಚರ್ಮ ಬಳಸುತ್ತಾರೆ. ಆ ಅಟ್ಟೆ ಕತ್ತರಿಸಿ ಉಳಿಯುವ ಚೂರುಗಳಲ್ಲಿ ಒಂದು ಕೋಸ್ಟರ್ ಸಲೀಸಾಗಿ ಬರುತ್ತದೆ. ಬಣ್ಣ ಒಂದೇ ಸಮ ಇರುವುದಿಲ್ಲ, ಮೊದಲ ವಾರ ವಾಸನೆ ಇರುತ್ತದೆ, ದಪ್ಪವೂ ಹೆಚ್ಚು ಕಡಿಮೆ. ಆದರೂ ಗಟ್ಟಿತನದಲ್ಲಿ ಅಂಚೆಯ ಚರ್ಮಕ್ಕಿಂತ ಇದು ಮೇಲು.

ಕಾಕಾನ ಅಂಗಡಿಯಲ್ಲಿ ಕೂತು ನೋಡಿ ಕಲಿತದ್ದು ಇನ್ನೊಂದಿದೆ. ಅವರು ಅಟ್ಟೆಯನ್ನು ಸ್ವಲ್ಪ ನೆನೆಸಿ, ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಡಿಯುತ್ತಾರೆ. ಸುಮ್ನೆ ಬಡಿಯುವುದಲ್ಲ. ನಡುವಿನಿಂದ ಶುರು ಮಾಡಿ ಸುತ್ತುತ್ತಾ ಅಂಚಿನ ಕಡೆಗೆ ಬರುತ್ತಾರೆ, ಒಂದು ಪೆಟ್ಟಿನ ಅರ್ಧದ ಮೇಲೆ ಇನ್ನೊಂದು ಪೆಟ್ಟು. ಬಡಿದ ಹಾಗೆ ಸಡಿಲ ನಾರು ಒತ್ತಾಗುತ್ತದೆ, ಸದ್ದು 'ಧಪ್' ಇದ್ದದ್ದು 'ಠಣ್' ಆಗುತ್ತದೆ. ನಾನೂ ಈಗ ಅಟ್ಟೆಯ ಚರ್ಮದ ಕೋಸ್ಟರ್‌ಗಳನ್ನು ಹೀಗೆ ಎರಡೂ ಬದಿ ಬಡಿದೇ ಕತ್ತರಿಸುವುದು. ಸುತ್ತಿಗೆಯ ಮುಖ ನುಣುಪಾಗಿರಬೇಕು, ನಡುವೆ ಒಂದು ದಪ್ಪ ಕಾಗದ ಇರಬೇಕು.

ಚೂರು ಆರಿಸುವಾಗ ಅದು ಪ್ರಾಣಿಯ ಯಾವ ಭಾಗದ್ದು ಎಂದು ನೋಡಿ. ಬೆನ್ನು ಮತ್ತು ಹಿಂಭಾಗದ ಚರ್ಮ ಒತ್ತು, ಎಳೆದರೆ ಹಿಗ್ಗುವುದಿಲ್ಲ. ಹೊಟ್ಟೆಯ ಕಡೆಯದು ಸಡಿಲ, ಒಂದು ದಿಕ್ಕಿಗೆ ಎಳೆದರೆ ಬರುತ್ತದೆ, ಮಡಿಚಿದರೆ ಮೇಲ್ಮೈಯಲ್ಲಿ ದಪ್ಪ ದಪ್ಪ ಸುಕ್ಕು ಕಾಣುತ್ತದೆ. ಹೊಟ್ಟೆಯ ಚರ್ಮದಲ್ಲಿ ಕೋಸ್ಟರ್ ಮಾಡಬೇಡಿ. ಬಶಿಯಾದ ನನ್ನ 2ನೇ ನಂಬರ್ ಹೊಟ್ಟೆಯ ತುಂಡೂ ಹೌದು.

ದಪ್ಪನೆಯ ಒಂದೇ ತುಂಡು

3.5ರಿಂದ 4 ಮಿಲಿಮೀಟರ್ ಬೇಕು. 3ಕ್ಕಿಂತ ತೆಳುವಾದರೆ ಒಂದೇ ತುಂಡಿನ ಆಸೆ ಬಿಡಿ. ಇದರಲ್ಲಿ ಕೆಲಸ ಕಡಿಮೆ. ಕತ್ತರಿಸಿ, ಅಂಚು ಉಜ್ಜಿ, ಮೇಣ ಕೊಟ್ಟರೆ ಮುಗಿಯಿತು. ನೋಡಲು ಇದರಷ್ಟು ಚೆಂದ ಇನ್ನೊಂದಿಲ್ಲ. ಅಂಚಿನಲ್ಲಿ ಚರ್ಮದ ಪೂರ್ತಿ ದಪ್ಪ ಕಾಣುತ್ತದೆ.

ಆದರೆ ಮೇಲಿನ ಮೈ ಒತ್ತು, ಕೆಳಗಿನದು ಸಡಿಲ ಎಂಬ ಹುಟ್ಟುಗುಣ ಹಾಗೇ ಉಳಿಯುತ್ತದೆ. ದಪ್ಪ ಅದನ್ನು ತಡೆದು ಹಿಡಿಯುತ್ತದೆ ಅಷ್ಟೆ. ಅದರ ಮೇಲೆ ಹೂಬಳ್ಳಿ, ಹೆಸರು ಎಂದು ಅಚ್ಚು ಒತ್ತಿದರೆ ಕಷ್ಟ ಇನ್ನೂ ಜಾಸ್ತಿ. ಅಚ್ಚು ಬಿದ್ದಲ್ಲೆಲ್ಲ ಮೇಲ್ಮೈ ಹಿಗ್ಗುತ್ತದೆ, ಕೆಳಗಿನದು ಹಿಗ್ಗುವುದಿಲ್ಲ. ನನ್ನ ಮೂರು ಒಂಟಿ ಪದರದ ಕೋಸ್ಟರ್‌ಗಳಲ್ಲಿ ಅಚ್ಚು ಒತ್ತಿದ್ದು ಅಂಚು ಎತ್ತಿದೆ. ಅಚ್ಚು ಬೇಕೇ ಬೇಕು ಎಂದರೆ, ಒತ್ತುವ ಮೊದಲು ಒಳಮೈಗೆ ಅಗಲವಾದ ಪ್ಯಾಕಿಂಗ್ ಟೇಪನ್ನು ಪೂರ್ತಿ ಅಂಟಿಸಿ. ಚರ್ಮ ಹರಡುವುದನ್ನು ಅದು ಬಹಳ ಮಟ್ಟಿಗೆ ಹಿಡಿಯುತ್ತದೆ. ಒತ್ತಿದ ಮೇಲೆ ಟೇಪು ತೆಗೆದು ಒಣಗಿಸಿ.

ಮೂರರಲ್ಲಿ ಸಪಾಟಾಗಿ ಉಳಿದದ್ದು ಒಂದೇ. ಅದು ಕರಗಿದ ಜೇನುಮೇಣದಲ್ಲಿ ಪೂರ್ತಿ ಮುಳುಗಿಸಿದ್ದು. ಮುಳುಗಿಸಿದರೆ ಮೇಲು, ಕೆಳಗು, ಅಂಚು ಎಲ್ಲಕ್ಕೂ ಒಂದೇ ಸಮ ಮೇಣ ಹೋಗುತ್ತದೆ. ನೀರಿಗೆ ಒಳಗೆ ಜಾಗವೇ ಇರುವುದಿಲ್ಲ. ಜೇನುಮೇಣ 62ರಿಂದ 64 ಡಿಗ್ರಿಗೆ ಕರಗುತ್ತದೆ. ಅದನ್ನು ನೇರ ಉರಿಯ ಮೇಲೆ ಕರಗಿಸಬೇಡಿ, ಹೊತ್ತಿಕೊಳ್ಳಬಹುದು. ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಹಳೆಯ ಸ್ಟೀಲ್ ಡಬ್ಬಿ ಇಟ್ಟು ಕರಗಿಸಿ. ಮೇಣ ಪೂರ್ತಿ ಕರಗಿದ ಮೇಲೆ ಉರಿ ಸಣ್ಣ ಮಾಡಿ. ಚರ್ಮ ಮಾತ್ರ ಒಣಕಲಾಗಿರಬೇಕು. ತೇವ ಇರುವ ಚರ್ಮ ಬಿಸಿಗೆ ಬಿದ್ದರೆ ಮುದುಡಿ ಚಿಕ್ಕದಾಗುತ್ತದೆ, ಅದನ್ನು ಮತ್ತೆ ಸರಿಮಾಡಲು ಆಗುವುದಿಲ್ಲ. ಮಳೆಗಾಲದಲ್ಲಿ ಈ ಕೆಲಸ ಮಾಡಲೇಬೇಡಿ ಎನ್ನುತ್ತೇನೆ. ಏಪ್ರಿಲ್ ತಿಂಗಳ ಒಣ ಬಿಸಿಲು ಇದಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ.

ಒಣ ತುಂಡನ್ನು ಮೇಣದಲ್ಲಿ ಬಿಟ್ಟ ತಕ್ಷಣ ಒಳಮೈಯಿಂದ ಗುಳ್ಳೆ ಏಳುತ್ತವೆ. ನಾರಿನ ಸಂದಿನ ಗಾಳಿ ಹೊರಗೆ ಬರುತ್ತಿರುತ್ತದೆ. ಗುಳ್ಳೆ ನಿಂತ ಕೂಡಲೇ ಇಕ್ಕಳದಿಂದ ಎತ್ತಿ, ಬಟ್ಟೆಯಿಂದ ಒರೆಸಿ, ಎರಡು ಹಾಳೆಗಳ ನಡುವೆ ಇಟ್ಟು ಮೇಲೆ ಕಲ್ಲು ಹೇರಿ. ಬಿಸಿ ಇರುವಾಗ ಮೆತ್ತಗಿರುತ್ತದೆ, ಆರಿದ ಮೇಲೆ ಹಲಗೆಯಾಗುತ್ತದೆ. ಬಣ್ಣ ಗಾಢವಾಗುತ್ತದೆ, ಅದು ನಿಮಗೆ ಒಪ್ಪಿಗೆ ಇರಬೇಕು.

ಇದರ ಒಂದು ಕೊರತೆ ಸ್ಟೀಲ್ ಲೋಟ. ಆಗಷ್ಟೇ ಕುದಿಸಿ ಸೋಸಿದ ಚಹಾ ಸ್ಟೀಲ್ ಲೋಟಕ್ಕೆ ಬಿದ್ದರೆ ಲೋಟದ ತಳವೂ ಅಷ್ಟೇ ಬಿಸಿ. ಮೇಲಿನ ಮೇಣ ಮೆತ್ತಗಾಗಿ ಲೋಟ ಸ್ವಲ್ಪ ಅಂಟುತ್ತದೆ, ತಳದ ಉಂಗುರದ ಗುರುತು ಬೀಳುತ್ತದೆ. ಪಿಂಗಾಣಿ ಕಪ್ಪಿನ ತಳದಲ್ಲಿ ಕಾಲುಂಗುರದಂಥ ಅಂಚು ಇರುವುದರಿಂದ ಅಷ್ಟು ತೊಂದರೆಯಿಲ್ಲ. ತಣ್ಣನೆಯ ಮಜ್ಜಿಗೆ, ಶರಬತ್ತಿನ ಲೋಟಕ್ಕೆ ಇದಕ್ಕಿಂತ ಒಳ್ಳೆಯದು ಇಲ್ಲ. ಲೋಟ ಎಷ್ಟೇ ಬೆವರಿದರೂ ಒರೆಸಿ ಇಟ್ಟರಾಯಿತು.

ಒಳಮೈಗೆ ಒಳಮೈ: ಎರಡು ಪದರ

ನನ್ನ ಮನಸ್ಸು ಇರುವುದು ಇದರಲ್ಲಿ. 2 ಮಿಲಿಮೀಟರಿನ ಎರಡು ತುಂಡು ತೆಗೆದುಕೊಂಡು ಸಡಿಲ ಮೈಗಳನ್ನು ಒಂದಕ್ಕೊಂದು ಅಂಟಿಸಿದರೆ ಎರಡೂ ಹೊರಮೈ ಒತ್ತು ನಾರಿನವು ಆಗುತ್ತವೆ. ಒಂದು ಮೇಲಕ್ಕೆ ಬಾಗಲು ಹೊರಟರೆ ಇನ್ನೊಂದು ಅಷ್ಟೇ ಬಲದಲ್ಲಿ ಕೆಳಕ್ಕೆ ಎಳೆಯುತ್ತದೆ. ಅಂಟಿನ ಪದರವೂ ನಡುವೆ ಗಟ್ಟಿ ನಿಲ್ಲುತ್ತದೆ. ಕೆಳಗಿನ ಮೈಯೂ ನುಣುಪಾಗಿರುವುದರಿಂದ ಎರಡೂ ಕಡೆ ಬಳಸಬಹುದು.

ಇದರಲ್ಲಿ ಎರಡು ಸೂಕ್ಷ್ಮಗಳಿವೆ. ಮೊದಲನೆಯದು ದಿಕ್ಕು. ಚರ್ಮ ಬೆನ್ನುಹುರಿಯ ಉದ್ದಕ್ಕೆ ಕಡಿಮೆ ಹಿಗ್ಗುತ್ತದೆ, ಅಡ್ಡಕ್ಕೆ ಜಾಸ್ತಿ. ಪ್ಲೈವುಡ್ಡಿನಲ್ಲಿ ಪದರಗಳನ್ನು ಅಡ್ಡಡ್ಡ ಇಡುತ್ತಾರಲ್ಲ ಎಂದು ನಾನೂ ಮೊದಲು ಹಾಗೇ ಯೋಚಿಸಿದ್ದೆ. ಆದರೆ ಪ್ಲೈವುಡ್ಡಿನಲ್ಲಿ ಪದರಗಳು ಮೂರು, ಐದು ಹೀಗೆ ಬೆಸ ಸಂಖ್ಯೆಯಲ್ಲಿ ಇರುತ್ತವೆ, ಹೊರಗಿನ ಎರಡರ ದಿಕ್ಕು ಒಂದೇ ಆಗುತ್ತದೆ. ಎರಡೇ ಪದರ ಇದ್ದಾಗ ಅಡ್ಡಡ್ಡ ಇಟ್ಟರೆ ಒಂದು ಉದ್ದಕ್ಕೆ ಎಳೆಯುತ್ತದೆ, ಇನ್ನೊಂದು ಅಗಲಕ್ಕೆ. ತುಂಡು ಕುದುರೆಯ ಜೀನಿನ ಹಾಗೆ ತಿರುಚುತ್ತದೆ. ಕತ್ತರಿಸುವ ಮೊದಲೇ ಎರಡರ ಒಳಮೈಗೂ ಬೆನ್ನಿನ ದಿಕ್ಕಿಗೆ ಬಾಣದ ಗುರುತು ಹಾಕಿ. ಅಂಟಿಸುವಾಗ ಬಾಣಗಳು ಒಂದೇ ಗೆರೆಯಲ್ಲಿ ಬರಲಿ. ಎರಡು ತುಂಡುಗಳೂ ಒಂದೇ ಚರ್ಮದ ಅಕ್ಕಪಕ್ಕದ ಜಾಗದಿಂದ ಬಂದಿದ್ದರೆ ಇನ್ನೂ ಒಳ್ಳೆಯದು.

ಎರಡನೆಯದು ಕತ್ತರಿಸುವ ಕ್ರಮ. ಮೊದಲು ಅಳತೆಗೆ ಕತ್ತರಿಸಿ ಆಮೇಲೆ ಅಂಟಿಸಿದರೆ ಅಂಚು ಎಂದೂ ಕೂಡುವುದಿಲ್ಲ. 10 ಸೆಂಟಿಮೀಟರಿನ ಕೋಸ್ಟರಿಗೆ 11 ಸೆಂಟಿಮೀಟರಿನ ತುಂಡುಗಳನ್ನು ತೆಗೆದು, ಅಂಟಿಸಿ, ಒತ್ತಿಟ್ಟು, ಪೂರ್ತಿ ಹಿಡಿದ ಮೇಲೆ ಎರಡನ್ನೂ ಒಟ್ಟಿಗೆ ಅಳತೆಗೆ ಕತ್ತರಿಸಿ. ನಾನು ಸ್ಟೀಲ್ ಡಬ್ಬಿಯ ಮುಚ್ಚಳ ಇಟ್ಟು ಗೆರೆ ಎಳೆದು, ಹೊಸ ಬ್ಲೇಡಿನಿಂದ ನಾಲ್ಕೈದು ಸಲ ಹಗುರವಾಗಿ ಎಳೆಯುತ್ತೇನೆ. ಒಂದೇ ಸಲಕ್ಕೆ ಒತ್ತಿ ಕತ್ತರಿಸಿದರೆ ಬ್ಲೇಡು ಓರೆಯಾಗಿ ಕೆಳಗಿನ ಪದರ ದೊಡ್ಡದಾಗುತ್ತದೆ. ಆಮೇಲೆ ಸಣ್ಣ ಮರಳು ಕಾಗದದಿಂದ ಅಂಚು ಉಜ್ಜಿ, ಒದ್ದೆ ಬೆರಳು ಆಡಿಸಿ, ದಪ್ಪ ಬಟ್ಟೆಯಿಂದ ಬಿಸಿಯಾಗುವ ತನಕ ತಿಕ್ಕಿ. ಎರಡು ಪದರದ ನಡುವಿನ ಗೆರೆ ಹತ್ತಿರದಿಂದ ನೋಡಿದರೂ ಕಾಣದಷ್ಟು ಕೂಡಿಕೊಳ್ಳುತ್ತದೆ. ಚೌಕಕ್ಕಿಂತ ದುಂಡನೆಯದು ಲೇಸು. ಬಾಗುವ ಕೋಸ್ಟರ್ ಮೊದಲು ಎತ್ತುವುದು ಮೂಲೆಗಳನ್ನೇ.

ಅಚ್ಚು ಒತ್ತುವುದಿದ್ದರೆ ಅಂಟಿಸುವ ಮೊದಲೇ ಮೇಲಿನ ತುಂಡಿಗೆ ಒತ್ತಿ, ಪೂರ್ತಿ ಒಣಗಿಸಿ, ಆಮೇಲೆ ಅಂಟಿಸಿ. ಹೊಲಿಗೆ ಹಾಕಲೇಬೇಕು ಎಂದೇನಿಲ್ಲ. ಹಾಕಿದರೆ ಎರಡು ಸೂಜಿಯ ಹೊಲಿಗೆ ಹಾಕಿ, ಕಸೂತಿಯ ಗವಂತಿಯ ಹಾಗೆ ಎರಡೂ ಬದಿ ಒಂದೇ ಕಾಣುತ್ತದೆ. ದಾರವನ್ನು ತೀರ ಬಿಗಿಯಾಗಿ ಎಳೆಯಬೇಡಿ. ಅಂಚು ಸುಕ್ಕಾಗಿ, ನಡುವೆ ಉಬ್ಬು ಬರುತ್ತದೆ.

ಕಾರ್ಕ್ ಅಂಟಿಸಿದ್ದು

ಕಾರ್ಕ್ ಹಾಳೆ ಸುಲಭವಾಗಿ ಸಿಗುತ್ತದೆ, ಕತ್ತರಿಸಲು ಸುಲಭ, ಮೇಜಿನ ಮೇಲೆ ಜಾರುವುದಿಲ್ಲ, ಗೀರು ಬೀಳುವುದಿಲ್ಲ. ಇದೆಲ್ಲ ನಿಜ. ಆದರೆ ಕಾರ್ಕ್ ನೀರು ಕುಡಿಯುವುದಿಲ್ಲ, ಉಬ್ಬುವುದೂ ಇಲ್ಲ. ಚರ್ಮ ಮಾತ್ರ ಉಬ್ಬಿ ಕುಗ್ಗುತ್ತಿರುತ್ತದೆ. ಅದನ್ನು ಎದುರಿಸಿ ಹಿಡಿಯುವಷ್ಟು ಗಟ್ಟಿಯೂ ಕಾರ್ಕ್ ಅಲ್ಲ. ಚರ್ಮ ಬಾಗಿದ ಕಡೆಗೆ ಅದೂ ಬಾಗುತ್ತದೆ. ನನ್ನ ಎರಡರಲ್ಲಿ ಒಂದು ಅಂಚು ಎತ್ತಿದೆ, ಇನ್ನೊಂದು ಬಶಿಯಾಗಿದೆ. ಗಾಜಿನ ಮೇಜಿಗೆ ಜಾರಬಾರದು ಎಂಬ ಕಾರಣಕ್ಕೆ ಕಾರ್ಕೇ ಬೇಕೆಂದರೆ, ಮೊದಲು ಎರಡು ಪದರದ ಕೋಸ್ಟರ್ ಮಾಡಿ, ಅದರ ಕೆಳಗೆ ನಡುವಿಗೆ ಮಾತ್ರ ಒಂದು ಸಣ್ಣ ಕಾರ್ಕ್ ಬಿಲ್ಲೆ ಅಂಟಿಸಿ.

ನಡುವೆ ಸನ್‌ಮೈಕಾ

ಬಡಗಿಗಳ ಹತ್ತಿರ 1 ಮಿಲಿಮೀಟರಿನ ಸನ್‌ಮೈಕಾ ಚೂರು ರಾಶಿ ಬಿದ್ದಿರುತ್ತದೆ. ಕೇಳಿದರೆ ಸುಮ್ನೆ ಕೊಡುತ್ತಾರೆ. ಅದರ ಎರಡೂ ಬದಿಗೆ 1ರಿಂದ 1.2 ಮಿಲಿಮೀಟರಿನ ಚರ್ಮ ಅಂಟಿಸಿದರೆ ಕಲ್ಲಿನಂಥ ಕೋಸ್ಟರ್ ಆಗುತ್ತದೆ. ಇಲ್ಲಿ ಕ್ರೋಮಿನ ಚರ್ಮವೂ ನಡೆಯುತ್ತದೆ, ಗಟ್ಟಿತನ ಕೊಡುವುದು ಒಳಗಿನ ಹಾಳೆ. ನನ್ನ ಎರಡೂ ಒಂದು ಚೂರೂ ಅಲ್ಲಾಡಿಲ್ಲ. ಸನ್‌ಮೈಕಾದ ಹೊಳೆಯುವ ಬದಿಗೆ ಅಂಟು ಹಿಡಿಯುವುದಿಲ್ಲ. ಹೊಳಪು ಪೂರ್ತಿ ಹೋಗುವ ತನಕ ದೊರಗು ಮರಳು ಕಾಗದದಿಂದ ಉಜ್ಜಬೇಕು. ಚರ್ಮ ಎರಡೂ ಕಡೆ ಇರಲೇಬೇಕು. ಒಂದೇ ಕಡೆ ಅಂಟಿಸಿದರೆ ಮತ್ತೆ ಅದೇ ಹಸಿದ ಮೈಯ ಕಥೆ.

ನಡುವೆ ಎಂಡಿಎಫ್, ಅಂದರೆ ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ, ಹಾಕುವವರೂ ಇದ್ದಾರೆ. ಅದರ ಅಂಚಿಗೆ ನೀರು ತಾಗಿದರೆ ಊದಿಕೊಳ್ಳುತ್ತದೆ. ಕೋಸ್ಟರ್ ಎಂದ ಮೇಲೆ ನೀರು ತಾಗದೇ ಇರುತ್ತದೆಯೇ? ನಾನು ಬಳಸುವುದಿಲ್ಲ.

ಈ ವಿಧಾನದಲ್ಲಿ ನನಗೆ ಹಿಡಿಸದ್ದು ಅಂಚು. ಚರ್ಮ, ಸನ್‌ಮೈಕಾ, ಚರ್ಮ ಎಂದು ಮೂರು ಗೆರೆ ಕಾಣುತ್ತದೆ. ಕಪ್ಪು ಬಣ್ಣ ಸವರಿ ಮುಚ್ಚಬಹುದು. ಕೈಗೆ ತೆಗೆದುಕೊಂಡಾಗ ಚರ್ಮದ ವಸ್ತುವಿನ ಮೃದು ತೂಕ ಸಿಗುವುದಿಲ್ಲ. ಆದರೆ ಆಫೀಸಿಗೆ, ಅಂಗಡಿಗೆ, ದಿನಕ್ಕೆ ಹತ್ತು ಸಲ ಕಪ್ಪು ಇಟ್ಟು ತೆಗೆಯುವ ಕಡೆಗೆ ಇದನ್ನೇ ಕೊಡುತ್ತೇನೆ.

ಅಂಟು: ಹಳದಿಯೋ ಬಿಳಿಯೋ

ಚಪ್ಪಲಿಯವರು 'ಸಲ್ಯೂಷನ್' ಅನ್ನುವ ಹಳದಿ ರಬ್ಬರ್ ಅಂಟು, ಬಡಗಿಯ ಬಿಳಿ ಫೆವಿಕಾಲ್, ಇವೆರಡರ ನಡುವೆ ಯೋಚನೆಯೇ ಬೇಡ. ಬಿಳಿ ಅಂಟಿನಲ್ಲಿ ನೀರಿದೆ. ಆ ನೀರು ಒಳಮೈಗೆ ಇಳಿದು ನಾರನ್ನು ಉಬ್ಬಿಸುತ್ತದೆ, ಒಣಗುವಾಗ ಎಳೆಯುತ್ತದೆ. ನನ್ನ ನಾಲ್ಕು ಎರಡು-ಪದರದ ಕೋಸ್ಟರ್‌ಗಳಲ್ಲಿ ಅಂಚು ಎತ್ತಿದ್ದು ಒಂದೇ, ಬಿಳಿ ಅಂಟಿನದು. ಹಳದಿ ಅಂಟನ್ನು ಎರಡೂ ಮೈಗೆ ತೆಳುವಾಗಿ ಸವರಿ, 10ರಿಂದ 15 ನಿಮಿಷ ಬಿಡಿ. ಬೆರಳು ಮುಟ್ಟಿಸಿದರೆ ಜಿಗುಟಬೇಕು, ಬೆರಳಿಗೆ ಬರಬಾರದು. ಆಗ ಜೋಡಿಸಿ. ಒಮ್ಮೆ ತಾಗಿದರೆ ಸರಿಸಲು ಆಗುವುದಿಲ್ಲ, ಅದಕ್ಕೇ ತುಂಡು ದೊಡ್ಡದಿರಲಿ ಎಂದದ್ದು. ಈ ಅಂಟಿನ ಹೊಗೆ ಒಳ್ಳೆಯದಲ್ಲ, ಬೇಗ ಹೊತ್ತಿಕೊಳ್ಳುತ್ತದೆ. ಕಿಟಕಿ ತೆಗೆದಿಡಿ, ದೇವರ ದೀಪದ ಹತ್ತಿರ ಕೂರಬೇಡಿ. ಮೇಣದಲ್ಲಿ ಅದ್ದಿದ ಚರ್ಮಕ್ಕೆ ಯಾವ ಅಂಟೂ ಹಿಡಿಯುವುದಿಲ್ಲ. ಅದ್ದುವುದು ಒಂಟಿ ಪದರಕ್ಕೆ ಮಾತ್ರ.

ಎಣ್ಣೆ, ಮೇಣ, ಅಕ್ರಿಲಿಕ್

ಚಪ್ಪಲಿಗೆ ಎಣ್ಣೆ ಕುಡಿಸುವುದು ನಮ್ಮ ಕಡೆ ರೂಢಿ. ಕೋಸ್ಟರಿಗೆ ಅದು ಬೇಡ. ಎಣ್ಣೆ ನಾರನ್ನು ಮೆತ್ತಗೆ ಮಾಡುತ್ತದೆ. ಚಪ್ಪಲಿ ಬಾಗಬೇಕು, ಕೋಸ್ಟರ್ ಬಾಗಬಾರದು. ಮೇಲಾಗಿ ಮರದ ಮೇಜಿನ ಮೇಲೆ ಎಣ್ಣೆಯ ಕಲೆ ಕೂರುತ್ತದೆ. ಎರಡು ಪದರದ ಕೋಸ್ಟರಿಗೆ ಗಟ್ಟಿ ಮೇಣವನ್ನು ತೆಳುವಾಗಿ ತಿಕ್ಕಿ, ಬಟ್ಟೆಯಿಂದ ಉಜ್ಜಿ, ಅಂಚಿಗೂ ಹಚ್ಚಿದರೆ ಮನೆಗೆ ಸಾಕು. ಆರು ತಿಂಗಳಿಗೊಮ್ಮೆ ಮತ್ತೆ ತಿಕ್ಕಬೇಕು. ಅತಿಥಿಗಳು ಜಾಸ್ತಿ ಬರುವ ಮನೆಯಾದರೆ ಚರ್ಮಕ್ಕೆಂದೇ ಮಾಡಿದ ಅಕ್ರಿಲಿಕ್ ಲೇಪ ವಾಸಿ. ನೀರನ್ನು ಚೆನ್ನಾಗಿ ತಡೆಯುತ್ತದೆ, ಮುಟ್ಟಿದರೆ ಮಾತ್ರ ಸ್ವಲ್ಪ ಪ್ಲಾಸ್ಟಿಕ್ ಅನಿಸುತ್ತದೆ. ಬೂಟ್ ಪಾಲಿಶ್ ಬೇಡವೇ ಬೇಡ, ಬಣ್ಣ ಲೋಟಕ್ಕೂ ಕೈಗೂ ಹತ್ತುತ್ತದೆ. ಯಾವುದು ಹಚ್ಚಿದರೂ ಮೇಲೆ ಎಷ್ಟು ಕೈ ಹಚ್ಚಿದಿರೋ ಕೆಳಗೂ ಅಷ್ಟೇ ಕೈ.

ಒತ್ತಿಡುವುದು

ಇಲ್ಲಿ ನಾನು ಒಂದು ಒಳ್ಳೆಯ ತುಂಡನ್ನೇ ಕಳೆದುಕೊಂಡೆ. ಅಚ್ಚು ಒತ್ತಿದ, ಇನ್ನೂ ತೇವ ಇದ್ದ ಚರ್ಮದ ಮೇಲೆ ಭಾರಕ್ಕೆಂದು ಕಬ್ಬಿಣದ ರೊಟ್ಟಿ ಹಂಚು ಹೇರಿ ಮಲಗಿದೆ. ಬೆಳಿಗ್ಗೆ ಎತ್ತಿ ನೋಡಿದರೆ ಹಂಚು ತಾಗಿದಲ್ಲೆಲ್ಲ ಶಾಯಿ ಚೆಲ್ಲಿದ ಹಾಗೆ ಕಪ್ಪು. ಚರ್ಮದ ಒಗರು ಕಬ್ಬಿಣದ ಜೊತೆ ಸೇರಿದರೆ ಕಪ್ಪಾಗುತ್ತದೆ. ಇದೇ ಗುಣದಿಂದ ಕಬ್ಬಿಣವನ್ನು ವಿನೆಗರಿನಲ್ಲಿ ನೆನೆಸಿ ಚರ್ಮಕ್ಕೆ ಕಪ್ಪು ಬಣ್ಣ ಕೊಡುವವರೂ ಇದ್ದಾರೆ. ನಿಂಬೆರಸ ಹಚ್ಚಿದೆ, ಸ್ವಲ್ಪ ತಿಳಿಯಾಯಿತು, ಪೂರ್ತಿ ಹೋಗಲಿಲ್ಲ. ತೇವದ ಚರ್ಮದ ಹತ್ತಿರ ಕಬ್ಬಿಣ ತರಬೇಡಿ. ದಿನಪತ್ರಿಕೆಯನ್ನೂ ಇಡಬೇಡಿ, ಅಕ್ಷರದ ಮಸಿ ಚರ್ಮಕ್ಕೆ ಇಳಿಯುತ್ತದೆ. ಬಿಳಿ ಹಾಳೆ ಅಥವಾ ಬೈಂಡಿಂಗಿನವರು ಬಳಸುವ ಬರಿಯ ರಟ್ಟು ಒಳ್ಳೆಯದು.

ಈಗ ನನ್ನ ಜೋಡಣೆ ಹೀಗಿದೆ. ಕೆಳಗೆ ಒಂದು ಫರಸಿ ಕಲ್ಲು, ಅದರ ಮೇಲೆ ರಟ್ಟು, ಕೋಸ್ಟರ್, ರಟ್ಟು, ಮೇಲೆ ಇನ್ನೊಂದು ಫರಸಿ. ದಿನಕ್ಕೆರಡು ಸಲ ರಟ್ಟು ಬದಲಿಸುತ್ತೇನೆ. ಒದ್ದೆಯಾದ ರಟ್ಟಿನಲ್ಲೇ ಬಿಟ್ಟರೆ ಮಳೆಗಾಲದಲ್ಲಿ ಬೂಸು ಹಿಡಿಯುತ್ತದೆ. ಬೇಸಿಗೆಯಲ್ಲಿ ಒಂದು ದಿನ ಸಾಕು. ಜುಲೈ, ಆಗಸ್ಟಿನ ಜಡಿಮಳೆಯಲ್ಲಿ ಮೂರು ದಿನ ಬೇಕು. ಬೇಗ ಆಗಲಿ ಎಂದು ಬಿಸಿಲಿಗೆ ಇಡುವುದು, ಹೇರ್ ಡ್ರೈಯರ್ ಹಿಡಿಯುವುದು ಬೇಡ, ಮೇಲ್ಮೈ ಮೊದಲು ಒಣಗಿ ಎಳೆಯುತ್ತದೆ. ಗದಗ-ಬೆಟಗೇರಿಯಲ್ಲಿ ಮುದ್ರಣದ ಕೆಲಸ ಬಹಳ. ಅಲ್ಲಿ ಒಂದು ಬೈಂಡಿಂಗ್ ಅಂಗಡಿಯಲ್ಲಿ ಪುಸ್ತಕ ಒತ್ತುವ ತಿರುಪಿನ ಪ್ರೆಸ್ಸಿನಲ್ಲಿ ನನ್ನ ನಾಲ್ಕು ತುಂಡುಗಳನ್ನು ಒತ್ತಿಸಿ ನೋಡಿದೆ. ಕಲ್ಲಿಗಿಂತ ಒತ್ತಡ ಎಲ್ಲ ಕಡೆ ಸಮವಾಗಿ ಬೀಳುತ್ತದೆ. ನಿಮಗೆ ಅಂಥ ಪರಿಚಯ ಇದ್ದರೆ ಬಿಡಬೇಡಿ. ಆದರೆ ಗದಗಿನ ಒಣ ಹವೆಯಲ್ಲಿ ಮಾಡಿದ ಕೋಸ್ಟರ್ ಧಾರವಾಡದ ಮಳೆಗೆ ಬಂದರೆ ಅದಕ್ಕೆ ಹೊಸ ಹವೆ. ಎರಡೂ ಮೈಗೆ ಮೇಣ ಹಚ್ಚಲು ಕೂರುವ ತನಕ ಅದನ್ನು ಕವರಿನಿಂದ ತೆಗೆಯಬೇಡಿ.

ಈಗಾಗಲೇ ಬಾಗಿದ್ದರೆ

ಒಂಟಿ ಪದರದ್ದು, ಮೇಣ ಕಡಿಮೆ ಇದ್ದದ್ದು ಆದರೆ ಒದ್ದೆ ಸ್ಪಂಜಿನಿಂದ ಎರಡೂ ಮೈಯನ್ನು ಸಮವಾಗಿ ತೋಯಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಒಂದು ರಾತ್ರಿ ಇಡಿ. ತೇವ ಒಳಗೂ ಸಮವಾಗುತ್ತದೆ. ಮರುದಿನ ಕಲ್ಲಿನ ನಡುವೆ ಹಾಕಿ, ಪೂರ್ತಿ ಒಣಗಿದ ಮೇಲೆ ಎರಡೂ ಮೈಗೆ ಮೇಣ. ಮೇಣದಲ್ಲಿ ಅದ್ದಿದ್ದು ಬಾಗಿದ್ದರೆ ನೀರು ಹಚ್ಚಿ ಪ್ರಯೋಜನವಿಲ್ಲ. ಸ್ವಲ್ಪ ಹೊತ್ತು ಬಿಸಿಲಿನಲ್ಲಿ ಬೆಚ್ಚಗೆ ಮಾಡಿ ಮೆತ್ತಗಾದಾಗ ಒತ್ತಿಟ್ಟರೆ ಸಾಕು. ಎರಡು ಪದರದ್ದು ಅಂಚು ಬಿಟ್ಟಿದ್ದರೆ ಆ ಸಂದಿಗೆ ಬೆಂಕಿಕಡ್ಡಿಯ ತುದಿಯಿಂದ ಹಳದಿ ಅಂಟು ಸೇರಿಸಿ ಮತ್ತೆ ಒತ್ತಿ.

ಕಾರ್ಕಿನದಕ್ಕೆ ಉಪಾಯ ಒಂದೇ, ಕಾರ್ಕ್ ಕೀಳುವುದು. ಬಶಿಯಾಗಿದ್ದ 8ನೇ ನಂಬರಿನ ಕಾರ್ಕನ್ನು ಕಳೆದ ವಾರ ಬ್ಲೇಡಿನಿಂದ ಕೆರೆದು ತೆಗೆದೆ. ಹಳೆಯ ಅಂಟನ್ನು ಬೆರಳಿನಿಂದ ಉರುಟಿ ಉರುಟಿ ಬಿಡಿಸಿದೆ. ತೋಯಿಸಿ, ಮೂರು ದಿನ ಫರಸಿಯ ಕೆಳಗಿಟ್ಟು ಒಣಗಿಸಿದೆ. ನಿನ್ನೆ ಅದರ ಬೆನ್ನಿಗೆ ಅಷ್ಟೇ ದಪ್ಪದ ಇನ್ನೊಂದು ತುಂಡನ್ನು, ಬಾಣಕ್ಕೆ ಬಾಣ ಕೂಡಿಸಿ ಅಂಟಿಸಿ ಮತ್ತೆ ಕಲ್ಲಿನ ಕೆಳಗೆ ಇಟ್ಟಿದ್ದೇನೆ. ಭಾನುವಾರ ತೆಗೆದು ಅಳತೆಗೆ ಕತ್ತರಿಸಿ, ಗಾಜಿನ ಮೇಲಿಟ್ಟು ಸುತ್ತ ತಟ್ಟಿ ನೋಡಬೇಕು.